ಓ ಕೀಲಿ

ಬೆಟಗೇರಿಯ ನಮ್ಮ ಡಿಟಿಪಿ ಅಂಗಡಿಗೆ
ಬೋರ್‌ವೆಲ್ ಲಾರಿಯ ಪಳನಿವೇಲು ಬಂದ,
ಮೈತುಂಬ ಕಲ್ಲಿನ ಹಿಟ್ಟು, ಕೈಯಲ್ಲೊಂದು ಸಿಡಿ.
ತಿರುಚೆಂಗೋಡಿನಲ್ಲಿ ಮಗಳ ಕಿವಿ ಚುಚ್ಚಸ್ತಾನಂತ,
ನೂರು ಕಾರ್ಡು, ತಮಿಳಿನ್ಯಾಗ, ನಾಳೆ ಸಂಜೀಕ.

ಕಂಟ್ರೋಲ್ ಪ್ಯಾನಲ್ ತೆಗೆದು ಫಾಂಟು ಸುರಿದೆ.
ನುಡಿ, ಶ್ರೀಲಿಪಿಗಳ ಪಂಕ್ತಿಯಲ್ಲಿ
ಬಾಮಿನಿ ಬಂದು ಕೂತಳು,
ಬೀಗರ ಮನೆಗೆ ಹೊಸದಾಗಿ ಬಂದವಳು.

ಓದಲು ಬಾರದ್ದನ್ನು ಬಡಿಯುವುದು ಹೇಗೆ?
ಅವನು ಚೀಟಿಯ ಒಂದೊಂದೇ ಸುರುಳಿ ತೋರಿಸಿದ,
ನಾನು ಕೀಲಿಪಟ್ಟಿಯಲ್ಲಿ ಅದರ ಜೋಡಿ ಹುಡುಕಿದೆ.
ಟಿ, ಪಿ, ಓ, ಎಚ್.
ಪರದೆಯ ಮೇಲೆ ಬರೀ ಇಂಗ್ಲಿಷಿನ ಕಸ.
ಎಲ್ಲ ಹಿಡಿದು ಫಾಂಟು ಬದಲಿಸಿದೆ,
ಕಸ ಮಗ್ಗುಲು ಹೊರಳಿಸಿತು.

‘ವಿೞಾ’ ಅಂದ.
‘ವಿಳಾ’ ಅಂದೆ.
ಅಲ್ಲಂತ. ಬಾಯಿ ತೆರೆದು ನಾಲಿಗೆ ಮಡಚಿ ತೋರಿಸಿದ,
ಹಲ್ಲಿನ ಡಾಕ್ಟರ ಮುಂದೆ ಕೂತಂತೆ.
ಓ ಕೀಲಿಯ ಮೇಲೆ ಬೆರಳಿಟ್ಟ:
‘ಇದು ನಮ್ದು. ನಿಮ್ಗ ಇಲ್ಲ.’

‘ಇತ್ತು’ ಅಂದೆ.
ಲಕ್ಕುಂಡಿಯ ಕಲ್ಲಿನ ಮೇಲೆ ಕಂಠಿಮಠ ಮಾಸ್ತರು
ಆರನೇತ್ತೆಯಲ್ಲಿ ನಮಗೆಲ್ಲ ಸವರಿಸಿದ್ದರು.
ಮೞೆ. ಬಾೞ್. ಏೞು.
ಬಿಸಿಲಿಗೆ ಕಾದಿತ್ತು ಕಲ್ಲು, ಬೆರಳು ಚುರ್ ಅಂದಿತ್ತು.
ನಾನು ದಿನಾ ಬಡಿಯುವ ಬಿಲ್ಲು, ಲಗ್ನಪತ್ರ,
ಶ್ರದ್ಧಾಂಜಲಿಗಳಲ್ಲಿ
ಒಮ್ಮೆಯೂ ಅದು ಬೇಕಾಗಲಿಲ್ಲ.

‘ಎಲ್ಲಿ ಹೋಯ್ತು?’
ಏನು ಹೇಳಲಿ. ‘ಕೆಳಗ ಇಳೀತು’ ಅಂದೆ, ‘ಆಳಕ್ಕ.’

ಪೞನಿವೇಲು ಪ್ರೂಫಿನಿಂದ ತಲೆ ಎತ್ತಲಿಲ್ಲ.
‘ಎಷ್ಟು ಅಡಿ?’ ಅಂದ.