ಮೂವತ್ತೇಳೂವರೆ

ಶಾಲೆಯ ಪತ್ರ ಫೋನಿಗೆ ಬಂದದ್ದು ಗುರುವಾರ ಸಂಜೆ.
ಎರಡು ಚೌಕ: ಕಳಿಸುತ್ತೇವೆ, ಕಳಿಸುವುದಿಲ್ಲ.
ಏನಾದರೂ ಆದರೆ ಜವಾಬ್ದಾರಿ ನಮ್ಮದೇ ಎಂಬ ಸಾಲು
ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿತ್ತು,
ಸಕ್ಕರೆ ಡಬ್ಬಿಯತ್ತ ಹೊರಟ ಇರುವೆಗಳ ಹಾಗೆ.

ರೂವಿಯ ಈ ಮೂರನೇ ಮಹಡಿಯಲ್ಲಿ
ಅಫ್ರಾ ಯುಕೆಜಿ ಸೇರಿ ಐದು ತಿಂಗಳು.
ಅವಳ ಶಾಲೆ ಅಂಗೈಯಗಲ.
ಗಾಜು ಒಡೆದ ಮೂಲೆಗೆ ಬಂದಾಗಲೆಲ್ಲ
ಶೀಜಾ ಮಿಸ್‌ಗೆ ಮೂರು ಕಿವಿ.
"ಉಮ್ಮಾ, ಮಿಸ್‌ಗೆ ಕಾಲಿದೆಯಾ?" ಎಂದಳು ಒಂದು ದಿನ.
ನಕ್ಕುಬಿಟ್ಟೆ.
ಪಾತ್ರೆ ಉಜ್ಜುವಾಗ ಆ ಪ್ರಶ್ನೆ ಸಿಂಕಿನಲ್ಲಿ ಕಟ್ಟಿಕೊಂಡಿತು,
ಇಳಿಯಲಿಲ್ಲ.

ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ ಎಲ್ಲರದೂ ಒಂದೊಂದು ಮಾತು.
ಕಳಿಸಿದರೂ ಕಳಿಸದಿದ್ದರೂ ಫೀಸು ಪೂರ್ತಿ, ಎಂದಳು ಗ್ಲೆನಿಟಾ.
ವರ್ಷ ಹೋದರೆ ಹೋಯಿತು, ಮಗು ಹೋದರೆ...
ಅರ್ಧಕ್ಕೇ ನುಂಗಿದಳು ಎದುರು ಮನೆಯ ಶೈಲಜಾ ಚೇಚಿ.
ಜೂನಿನಲ್ಲಿ ಅವಳ ಗಂಡ ತೀರಿಹೋದರು;
ವಿಮಾನ ಶುರುವಾದ ಮೇಲೆ
ಊರಿಗೆ ಹೋದದ್ದು ಅವರ ಸೂಟ್‌ಕೇಸು ಮಾತ್ರ.
ಕ್ಲಿಪ್ಪು ಹಾಕುತ್ತ ನಾನು ಏನೂ ಹೇಳಲಿಲ್ಲ.

ಹೇಳುವಂತಿರಲಿಲ್ಲ.
ಇವರ ಸಂಬಳ ಅರ್ಧಕ್ಕೆ ಇಳಿದಾಗಿನಿಂದ
ಹೈಪರ್‌ಮಾರ್ಕೆಟ್ಟಿನ ನಾಲ್ಕನೇ ಕೌಂಟರಿನಲ್ಲಿ ಕೂತಿದ್ದೇನೆ.
ಇಡೀ ಪೇಟೆ ಮುಟ್ಟಿದ ರಿಯಾಲು ನನ್ನ ಬೆರಳಿಗೆ ಬಂದು ಹೋಗುತ್ತದೆ.
ಶಾಲೆಯಿಂದ ಮನೆಗೆ ಏನು ಬರುತ್ತದೋ ಎಂದು ಎಲ್ಲರ ಹೆದರಿಕೆ;
ನನ್ನದು, ಮನೆಯಿಂದ ಶಾಲೆಗೆ ನಾನೇನು ಕಳಿಸುತ್ತೇನೋ ಎಂದು.
ಟಿಫಿನ್ನಿಗೆ ಪತ್ತಿರ್ ಸುತ್ತುವ ಕೈಯೂ ಇದೇ.

ಶುಕ್ರವಾರವಿಡೀ ಚೌಕ ಖಾಲಿ.
ಶನಿವಾರ ನನ್ನ ಶಿಫ್ಟು ಬೆಳಿಗ್ಗೆಗೆ ಬದಲಾಯಿತೆಂದು ಮೆಸೇಜು.
ಯಾವುದೋ ಹೊತ್ತಿನಲ್ಲಿ ಒಂದು ಹೆಬ್ಬೆರಳು ಒತ್ತಿತು.
ಇವರದೋ ನನ್ನದೋ, ಇಬ್ಬರೂ ಬಾಯಿ ಬಿಡುತ್ತಿಲ್ಲ.

ಆ ರಾತ್ರಿ ಅಫ್ರಾ ಒಂದೇ ಒಂದು ಸಲ ಕೆಮ್ಮಿದಳು.
ಏಸಿ, ಎಂದರು ಇವರು.
ಏಸಿ, ಎಂದೆ ನಾನೂ.
ಎದ್ದು ಕೂತು ಎರಡನೆಯದಕ್ಕೆ ಕಾದೆವು.

ಭಾನುವಾರ ಏಳಕ್ಕೇ ಹಿಂದಿನ ಗುಡ್ಡ ಕಾದ ಓಡು.
ಒಂದೆಳೆ ಹುಲ್ಲಿಲ್ಲದ ಆ ಕಲ್ಲು
ನಿನ್ನೆಯ ಬಿಸಿಲನ್ನೇ ಇನ್ನೂ ಉಸಿರುತ್ತಿತ್ತು.
ಬಸ್ಸು ತಡ.
ಕೊನೆಗೆ ಹಮ್ದಾನ್ ಬಾಗಿಲು ತೆರೆದ. ಆಯಾ ಇಳಿದಳು,
ಕೈಯಲ್ಲಿ ಬಿಳಿ ಪಿಸ್ತೂಲು,
ಬಿಸಿಲಿಗೂ ಜ್ವರಕ್ಕೂ ವ್ಯತ್ಯಾಸ ಗೊತ್ತಿಲ್ಲದ್ದು.
ಮೂವತ್ತೇಳೂವರೆ ದಾಟಿದರೆ ವಾಪಸ್ಸು ಮನೆಗೆ.
ಮೊದಲ ಹುಡುಗನೇ ದಾಟಿದ. ಅತ್ತ.

ನನ್ನ ಮುಂದಿದ್ದ ಗ್ಲೆನಿಟಾ
ಐಸು ಬಾಟಲಿಗೆ ಸುತ್ತಿದ್ದ ಕರ್ಚೀಫು ಬಿಚ್ಚಿ
ಮಗನ ಹಣೆಗೆ ಒತ್ತಿದಳು. ಏನೋ ಎಣಿಸಿದಳು. ತೆಗೆದಳು.
ಮೂವತ್ತಾರು ಪಾಯಿಂಟ್ ಎಂಟು. ಅವನು ಬಸ್ಸು ಹತ್ತಿದ.
ತಿರುಗಿ ಅದನ್ನೇ ನನ್ನತ್ತ ಚಾಚಿದಳು, ಮಾತಿಲ್ಲ,
ಮಾಸ್ಕಿನ ಮೇಲೆ ಕಣ್ಣಷ್ಟೇ.

ದೂರ ನಿಲ್ಲಲೆಂದು ನೆಲದ ಮೇಲೆ ಹಳದಿ ಪಾದಗಳನ್ನು ಬರೆದಿದ್ದರು.
ಟೊಮೇಟೊವನ್ನೂ ಸಾಬೂನಿನಲ್ಲಿ ತೊಳೆದವಳು ನಾನು, ಆರು ತಿಂಗಳು.
ಆ ಹುಡುಗನ ಬೆವರು ಅದರಲ್ಲಿ ಇನ್ನೂ ಹಸಿ.
ತೆಗೆದುಕೊಂಡೆ.

ಮಧ್ಯಾಹ್ನ ಅಫ್ರಾ ಚೀಲ ಇಳಿಸುವ ಮೊದಲೇ ಕೂಗಿದಳು:
"ಕಾಲಿದೆ ಉಮ್ಮಾ! ಎರಡೂ ಇವೆ!
ಆದ್ರೆ ಈಗ ಬಾಯಿಲ್ಲ."

ಕರ್ಚೀಫು ಟೆರೇಸಿನ ತಂತಿಯ ಮೇಲಿದೆ,
ಮೂಲೆಯಲ್ಲಿ ನೀಲಿ ದಾರದ ಹೂವು.
ಎಷ್ಟು ಸಲ ತೊಳೆದೆನೋ.
ನಾಳೆ ಕೊಡಬೇಕು,
ಬಸ್ಸು ಬರುವುದಕ್ಕೆ ಸ್ವಲ್ಪ ಮೊದಲು.
ನನ್ನದೂ ಒಂದು ಬಾಟಲಿ ಈಗ ಫ್ರೀಜರಿನಲ್ಲಿದೆ.