ಹಗುರವಾದದ್ದಷ್ಟೇ

ಲಿಫ್ಟು ಕೆಟ್ಟದ್ದು ರಂಜಾನಿನ ಮೊದಲ ವಾರ.
ಚಳಿಗಾಲಕ್ಕೆ, ಅಂಟಿಸಿದ ಚೀಟಿಯೂ ಹಳದಿಗಟ್ಟಿ
ಅದರ ಮೇಲೆ ಯಾರೋ ಮೀಸೆ ಬಿಡಿಸಿದ್ದರು.

ಮಾರ್ಸೇಯ ಈ ಬಡಗಣ ಗುಡ್ಡಕ್ಕೆ
ಬೆಳಿಗ್ಗೆ ಏಳಕ್ಕೆ ಬರುತ್ತೇನೆ, ಇನ್ಸುಲಿನ್ ಚೀಲ ಹೊತ್ತು.
ನೂರ ತೊಂಬತ್ತೆಂಟು ಮೆಟ್ಟಿಲು.
ಐದರಲ್ಲಿ ಮೀನು ಹುರಿದ ವಾಸನೆ, ಏಳರಲ್ಲಿ ಬೂಷ್ಟು,
ಒಂಬತ್ತರಲ್ಲಿ ಗೋಡೆ ಹಿಡಿದು ನಿಲ್ಲುತ್ತೇನೆ,
ನರ್ಸು ನಾನೆಂಬುದು ಮರೆತು.

ಬಾಗಿಲು ತೆರೆದಿಟ್ಟೇ ಕೂತಿರುತ್ತಾಳೆ ಎಶಾತಾ.
"ಬಾ ತಾಯಿ, ಮೊದಲು ನೀನು ಕೂತ್ಕೋ,
ನಿನ್ನ ಬೀಪಿ ನೋಡೋಣ."

ಇಪ್ಪತ್ತಾರು ವರ್ಷ ಬಂದರಿನ ಹೋಟೆಲುಗಳ
ಬಚ್ಚಲು ತಿಕ್ಕಿದ ಮೊಣಕಾಲು.
ಡಾಕ್ಟರ ಚೀಟಿ ಫ್ರಿಜ್ಜಿನ ಮೇಲೆ:
ದಿನಕ್ಕೆ ಅರ್ಧ ಗಂಟೆ ನಡಿಗೆ. ಹಸಿ ತರಕಾರಿ. ಚಿಂತೆ ಬೇಡ.
ಅಕ್ಷರ ದುಂಡಗಿದೆ; ಒಳ್ಳೆಯವನೇ.
ಅವನ ಆಸ್ಪತ್ರೆಯಲ್ಲಿ ನಾಲ್ಕು ಲಿಫ್ಟುಗಳಿವೆ.

ನಡೆದಳು, ಅಡುಗೆಮನೆಯಿಂದ ಕಿಟಕಿಗೆ,
ಕಿಟಕಿಯಿಂದ ಅಡುಗೆಮನೆಗೆ,
ಹಂಡೆಯಲ್ಲಿ ಸಿಕ್ಕ ಇರುವೆಯ ಹಾಗೆ.
ಕಿಟಕಿಯ ತುಂಬ ಸಮುದ್ರ.
ನೋಡಲು ಬಿಟ್ಟಿ; ಮುಟ್ಟಲು ಎರಡು ಬಸ್ಸು.

ಸಾಮಾನು ತರುವುದು ಕೆಳಮನೆಯ ಹುಡುಗ ನಾಸುಫ್.
ಅವನ ಕೈಗೆ ಭಾರವಾದದ್ದು
ಅವಳ ಹೊಟ್ಟೆಯವರೆಗೆ ಬರುವುದಿಲ್ಲ.
ಎಲೆಕೋಸು ಭಾರ, ಕುಂಬಳ ಭಾರ, ಹಾಲು ಭಾರ.
ಬಿಸ್ಕತ್ತು ಹಗುರ.

ನನ್ನ ಫಾರಮ್ಮು ಕೇಳುತ್ತದೆ:
ಸಿಗರೇಟು? ಇಲ್ಲ. ಮದ್ಯ? ಇಲ್ಲ.
ಮನೆತನದಲ್ಲಿ ಸಕ್ಕರೆ ಕಾಯಿಲೆ?
ಕೊಮೊರೊ ದ್ವೀಪದಲ್ಲಿ ಅವಳಮ್ಮ ಎಂಬತ್ತರಲ್ಲೂ
ದಿಬ್ಬ ಹತ್ತಿ ಲವಂಗ ಕೊಯ್ಯುತ್ತಿದ್ದಳಂತೆ.
ಕಾರಣ ಎಂಬಲ್ಲಿ ಒಮ್ಮೆ ಬರೆದೆ: ಲಿಫ್ಟು.
ಆಫೀಸಿನಿಂದ ಫೋನು ಬಂತು,
ಅದು ಪಟ್ಟಿಯಲ್ಲಿಲ್ಲ, ಬೇರೆ ಏನಾದರೂ ಬರೆಯಿರಿ.

ಮೊನ್ನೆ ಸರಿಹೋಯಿತು.
ಯಾರೂ ಹೇಳಲಿಲ್ಲ; ಗುಂಡಿಯ ದೀಪ ಹತ್ತಿತ್ತು, ಅಷ್ಟೆ.
ತಲೆವಸ್ತ್ರ ಬಿಗಿದು, ಚಪ್ಪಲಿ ಹುಡುಕಿ
ಒಳಹೊಕ್ಕವಳು ಗಕ್ಕನೆ ನಿಂತಳು.
ಆಳೆತ್ತರದ ಕನ್ನಡಿ.
ಹನ್ನೊಂದು ತಿಂಗಳು ಮುಖವನ್ನಷ್ಟೇ ನೋಡಿಕೊಂಡವಳು
ಪಕ್ಕಕ್ಕೆ ಸರಿದು
ಒಳಗಿದ್ದ ಮುದುಕಿಗೆ ಜಾಗ ಬಿಟ್ಟಳು.

ಕೆಳಗೆ, ಹೊರಗಿನ ಕಟ್ಟೆಯವರೆಗೆ ಹದಿನಾಲ್ಕು ಹೆಜ್ಜೆ.
"ಇವತ್ತಿಗೆ ಸಾಕು."
ಬಿಸಿಲಿಗೆ ಒಡ್ಡಿದ ಅಂಗೈಯಿಂದ
ಒಂದು ಬೆರಳು ಎರವಲು ಪಡೆದು ಚುಚ್ಚಿದೆ.
ಅಂಕಿ ನಿನ್ನೆಯದೇ.
ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ನಾಸುಫ್ ಬಂದು ನಿಂತ: ಹಾಗಾದರೆ ಕುಂಬಳ ತರಲಾ, ಅಜ್ಜಿ?
"ಇಡೀ ಕಾಯಿ," ಎಂದಳು,
"ಓಡು, ಆ ದೀಪ ಆರುವ ಮುಂಚೆ."