ಒಂದು ಪ್ರತಿ ಜಾಸ್ತಿ

ಕಾರವಾರದ ದೊಡ್ಡಾಸ್ಪತ್ರೆಯ ಗೇಟಿನೆದುರು ನನ್ನ ಅಂಗಡಿ.
ಪುಟಕ್ಕೆ ಎರಡು ರೂಪಾಯಿ, ಎರಡೂ ಬದಿಗೆ ಮೂರು.
ಬಿಸಿ ಗಾಜಿನ ಮೇಲೆ ಇಡೀ ತಾಲೂಕು
ಕವುಚಿ ಮಲಗಿ ಎದ್ದುಹೋಗಿದೆ:
ಯಾರ ಸಕ್ಕರೆ ಎಷ್ಟು, ಯಾರ ಬಸಿರು ನಿಲ್ಲಲಿಲ್ಲ,
ಬೈತಖೋಲದ ಯಾವ ಹುಡುಗ
ತಿಂಗಳಿಗೊಮ್ಮೆ ಯಾವ ಮಾತ್ರೆಗೆ ಬರುತ್ತಾನೆ.
ಓದುವುದಿಲ್ಲ ನಾನು. ಆದರೂ
ರೆಪ್ಪೆ ಮುಚ್ಚುವಷ್ಟರಲ್ಲಿ ಅಕ್ಷರ ಒಳಗೆ ಬಂದಿರುತ್ತದೆ.

ಅವಸರದಲ್ಲಿ ಒರಿಜಿನಲ್ಲನ್ನೇ ಮರೆತು
ನಕಲು ಹಿಡಿದು ಓಡುವವರುಂಟು.
ಮಸಿ ಹೆಚ್ಚಾದದ್ದು, ಓರೆ ಬಿದ್ದದ್ದು,
ಒಂದು ಪ್ರತಿ ಜಾಸ್ತಿ ಬಂದದ್ದು
ಎಲ್ಲ ಮೇಜಿನಡಿಯ ರಟ್ಟಿನ ಡಬ್ಬಿಗೆ.
ತಿಂಗಳ ಕೊನೆಗೆ ಕಿಲೋಗೆ ಹನ್ನೆರಡು ರೂಪಾಯಿ.
ಕೊಳ್ಳುವವನು ಸಭ್ಯ. ತೂಕದಲ್ಲಿ ಮೋಸವಿಲ್ಲ.
ರದ್ದಿಯನ್ನು ಯಾಕೆ ಇಷ್ಟು ನೀಟಾಗಿ ಜೋಡಿಸಿಕೊಳ್ಳುತ್ತಾನೆಂದು
ಒಮ್ಮೆಯೂ ಕೇಳಲಿಲ್ಲ.

ಆಮೇಲೆ ಬಂದಳು ಶೇವಂತಿ ತಾಂಡೇಲ,
ಮೀನಬುಟ್ಟಿ ಹೊರಗಿಟ್ಟು, ಕೈ ಸೆರಗಿಗೆ ಒರೆಸಿ.
ಕಂಪ್ಯೂಟರಿನ ಪ್ರಕಾರ ಅವಳಿಗೆ ಆಪರೇಷನ್ ಆಗಿಹೋಗಿದೆ
ಹುಬ್ಬಳ್ಳಿಯಲ್ಲಿ, ಬೋಟು ನಿಂತ ತಿಂಗಳಲ್ಲಿ.
ಪಿತ್ತಕೋಶ ತೆಗೆದಾಗಿದೆ. ಕಾರ್ಡಿನ ಹಣ ಮುಗಿದಿದೆ.
"ಅಂಕೋಲೆ ದಾಟಿ ಹೋದವಳಲ್ಲ ನಾ, ಬಾಯಿ.
ನೋಡು, ಒಂದು ಹೊಲಿಗೆ ಉಂಟಾ?"
ಅಂಗಡಿಯಲ್ಲೇ ಸೀರೆ ಸರಿಸಿ ಹೊಟ್ಟೆ ತೋರಿಸಿದಳು.
ರಕ್ತದ ಗುಂಪೂ ಬದಲಾಗಿದೆ, ಓ ಇದ್ದದ್ದು ಬಿ.
ಹೆಸರು ಕದ್ದವಳ ರಕ್ತ ಇವಳ ಹಾಳೆಯಲ್ಲಿ ಹರಿಯುತ್ತಿದೆ.
ನಾಳೆ ಇವಳು ದಕ್ಕೆಯ ಮೇಲೆ ಜಾರಿ ಬಿದ್ದರೆ
ಯಾವ ಬಾಟಲಿ ತೂಗುಹಾಕುತ್ತಾರೆ?
ಕಲ್ಲು ಮಾತ್ರ ಇವಳಲ್ಲೇ ಉಳಿದಿದೆ.

ಅರ್ಜಿಗೆ ನಾಲ್ಕು ನಕಲು ಬೇಕಿತ್ತು. ಹಣ ಮುಟ್ಟಲಿಲ್ಲ ನಾನು.
ಯಾಕೆ ಅಂದಳು.
ಚಿಲ್ಲರೆ ಇಲ್ಲ ಅಂದೆ.

ಈಗ ರಾತ್ರಿ ಬಾಗಿಲೆಳೆದ ಮೇಲೆ
ಡಬ್ಬಿಯನ್ನು ಬಕೆಟ್ಟಿನ ನೀರಿಗೆ ಸುರಿಯುತ್ತೇನೆ.
ಹರಿದರೆ ಸಾಲದು, ಚೂರು ಕೂಡಿಸುವ ತಾಳ್ಮೆಯವರಿದ್ದಾರೆ.
ಯಂತ್ರದ ಮಸಿ ಪೆನ್ನಿನ ಶಾಯಿಯಲ್ಲ, ನೀರಿಗೆ ಬಿಡುವುದಿಲ್ಲ.
ಹಿಟ್ಟಿನ ಹಾಗೆ ನಾದಬೇಕು, ಹೆಸರು ಹೋಗುವ ತನಕ,
ಹುಟ್ಟಿದ ದಿನ, ಹನ್ನೆರಡು ಅಂಕಿ,
ಅಪ್ಪನ ಹೆಸರು ಹೋಗುವ ತನಕ.
ಉಗುರಿನ ಸಂದಿಯಲ್ಲಿ ಬೂದುಬಣ್ಣ. ಊಟಕ್ಕೆ ಕೂತಾಗಲೂ.

ನಿನ್ನೆ ಆ ಸಭ್ಯ ಬಂದಿದ್ದ, ತಕ್ಕಡಿ ಹಿಡಿದು.
ರದ್ದಿ ಇಲ್ವಾ ಬಾಯಿ?
ಇಲ್ಲ.
ಹದಿನೈದು ಕೊಡ್ತೇನೆ.
ಯಂತ್ರದ ಮುಚ್ಚಳದ ಮೇಲೆ ಕೈಯೂರಿ ನಿಂತೆ.
ಕೆಳಗೆ ಯಾರದೋ ಚೀಟಿ ಉಳಿದಿತ್ತು,
ಇನ್ನೂ ಬೆಚ್ಚಗೆ.